ಸುಜ್ಲಾನ್ ಇತಿಹಾಸಕ್ಕೆ ನಾನು ಹಾಕಿಕೊಂಡ ಮೂರು ಕಾಲಂ

ನಾನು ಹುಬ್ಬಳ್ಳಿಯಲ್ಲಿ ಆಡಿಟರ್ ಒಬ್ಬರ ಹತ್ತಿರ ಕೆಲಸ ಮಾಡುತ್ತೇನೆ. ಊರು ಮುಂಡರಗಿ ಕಡೆ. ಕಪ್ಪತಗುಡ್ಡದ ಸುತ್ತ ಗಾಳಿಯಿಂದ ಕರೆಂಟ್ ಮಾಡುವ ಫ್ಯಾನ್ ಎದ್ದ ಮೇಲೆ ನಮ್ಮಲ್ಲಿ ಎಲ್ಲರೂ 'ಕಂಪನಿಯವರು' ಅಂತಲೇ ಹೇಳುವುದು. ಆದರೆ ಫ್ಯಾನ್ ಮಾಡಿದವರು ಒಬ್ಬರು, ದುಡ್ಡು ಹಾಕಿ ಕೊಂಡವರು ಇನ್ನೊಬ್ಬರು ಇರುವುದೇ ಜಾಸ್ತಿ. ಫ್ಯಾನ್ ಮಾಡುವವರ ಕಥೆ ತಿಳಿಯಬೇಕೆಂದು ಅಂಥದ್ದೇ ಒಂದು ಕಂಪನಿ ಸುಜ್ಲಾನ್ ಹಿಡಿದು ಕೂತೆ.

2005ರ ಐಪಿಒ ಪ್ರಾಸ್ಪೆಕ್ಟಸ್‌ನಿಂದ, ಅಂದರೆ ಮೊದಲ ಸಲ ಜನರಿಗೆ ಷೇರು ಮಾರುವಾಗ ಕಂಪನಿ ಕೊಟ್ಟ ವಿವರದ ಪುಸ್ತಕದಿಂದ ಶುರು ಮಾಡಿದೆ. ಆಮೇಲೆ ಒಂದೊಂದೇ ವಾರ್ಷಿಕ ವರದಿ. ಇವೆಲ್ಲ ಪುಕ್ಕಟೆ ಸಿಗುತ್ತವೆ. ವರದಿಯನ್ನು ಹಿಂದಿನಿಂದ ಓದಿದೆ: ಮೊದಲು ಸಾಲದ ಟಿಪ್ಪಣಿ, ಆಮೇಲೆ ಆಡಿಟರ್ ಮಾತು, ಅಧ್ಯಕ್ಷರ ಮಾತು ಕೊನೆಗೆ. ಅಧ್ಯಕ್ಷರ ಪುಟದಲ್ಲಿ ಯಾವ ಕಂಪನಿಗಾದರೂ ಗಾಳಿ ಚೆನ್ನಾಗಿಯೇ ಬೀಸುತ್ತಿರುತ್ತದೆ, ಅಲ್ವಾ?

ಹಾಳೆಯಲ್ಲಿ ಮೂರು ಕಾಲಂ ಹಾಕಿದೆ. ಕಂಪನಿ ಮಾಡಿದ್ದು, ತಂದ ಸಾಲ, ಸರ್ಕಾರದ ನಿಯಮ. ಕಥೆ ಬಿಚ್ಚಿಕೊಂಡದ್ದು ಮೂರನೆಯದರಲ್ಲಿ.

ತುಳಸಿ ತಂತಿ ಅವರದು ಮೊದಲು ಜವಳಿ ವ್ಯಾಪಾರ. ಕರೆಂಟ್ ಬಿಲ್ ಕಾಟಕ್ಕೆ ಫ್ಯಾನ್ ಹಾಕಿಸಿದವರು 1995ರಲ್ಲಿ ಸುಜ್ಲಾನ್ ಕಟ್ಟಿದರು. ಫ್ಯಾನ್ ಕೊಳ್ಳಲು ಬಂದವರಲ್ಲೂ ಇಂಥ ಉದ್ಯಮಿಗಳು ಬಹಳ. ಅವರನ್ನು ಎಳೆದದ್ದು ಗಾಳಿಗಿಂತ ತೆರಿಗೆ ಅಂತ ನನ್ನ ಲೆಕ್ಕ. 10 ಕೋಟಿಯ ಫ್ಯಾನ್ ಕೊಂಡರೆ ಮೊದಲ ವರ್ಷವೇ 8 ಕೋಟಿ ಸವಕಳಿ ತೋರಿಸಬಹುದಿತ್ತು, ಅಂದರೆ ಅಷ್ಟನ್ನು ಲಾಭದಿಂದ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಹಾಗಾಗಿ ಸೆಪ್ಟೆಂಬರ್ ಒಳಗೆ ಫ್ಯಾನ್ ತಿರುಗಿಸುವ ಗಡಿಬಿಡಿ. ತಪ್ಪಿದರೆ ಮಾರ್ಚ್ ಒಳಗೆ.

ಎರಡನೇ ಕಾಲಂ 2006ರಿಂದ ದಪ್ಪವಾಗುತ್ತಾ ಹೋಯಿತು. ಆ ವರ್ಷ ಫ್ಯಾನಿನ ಗೇರ್‌ಬಾಕ್ಸ್ ಮಾಡುವ ಬೆಲ್ಜಿಯಂನ ಹ್ಯಾನ್ಸೆನ್ ಕೊಂಡರು, 2007ರಲ್ಲಿ ಫ್ರಾನ್ಸಿನ ಅರೇವಾ ಕಂಪನಿ ಜೊತೆ ಪೈಪೋಟಿ ಮಾಡಿ ಫ್ಯಾನ್ ಮಾಡುವ ಜರ್ಮನಿಯ ರೀಪವರ್. ಸಾಲ ತಕ್ಷಣ ಹೆಗಲಿಗೆ ಬಂತು. ರೀಪವರ್ ಪೂರ್ತಿ ಕೈಗೆ ಬಂದದ್ದು ಮಾತ್ರ 2011ರಲ್ಲಿ. ಉಳಿದ ಷೇರುದಾರರು ಇರುವವರೆಗೆ ಅದರ ಗಲ್ಲಾಕ್ಕೆ ಸುಮ್ನೆ ಕೈ ಹಾಕಲು ಜರ್ಮನ್ ಕಾನೂನು ಬಿಡುವುದಿಲ್ಲ.

ಇದರ ಜೊತೆ ವಿದೇಶಿ ಬಾಂಡ್, ಅಂದರೆ ಡಾಲರ್‌ನಲ್ಲಿ ತಂದ ಸಾಲದ ಪತ್ರ. ಷೇರಿನ ಬೆಲೆ ಏರಿದರೆ ಬಾಂಡ್ ಇದ್ದವರು ಅದನ್ನು ಷೇರು ಮಾಡಿಕೊಳ್ಳುತ್ತಾರೆ, ಸಾಲ ತಾನಾಗಿ ಕರಗುತ್ತದೆ. 2008ರಲ್ಲಿ ಬೆಲೆ ಕುಸಿಯಿತು. ಇನ್ನು ಯಾರು ಷೇರು ತಗೋತಾರೆ? ಡಾಲರ್‌ನಲ್ಲೇ ತೀರಿಸಬೇಕು, ಡಾಲರ್ ಬೇರೆ ಏರಿತ್ತು. 2012ರ ಅಕ್ಟೋಬರ್‌ನಲ್ಲಿ ಸುಮಾರು 20.9 ಕೋಟಿ ಡಾಲರ್ ಕಟ್ಟಲು ಆಗಲಿಲ್ಲ.

ಅದೇ ಸಾಲಿನ ಮೂರನೇ ಕಾಲಂ ನೋಡಿ: 2012ರ ಏಪ್ರಿಲ್‌ನಿಂದ ಆ ಹೆಚ್ಚುವರಿ ಸವಕಳಿ ರದ್ದು. ಕೊಳ್ಳುವವರು ಹಿಂದೆ ಸರಿದದ್ದೂ ಸಾಲ ಕಟ್ಟುವ ಗಡುವು ಬಂದದ್ದೂ ಒಂದೇ ವರ್ಷ. ಎಲ್ಲದಕ್ಕೂ ರೀಪವರ್ ಖರೀದಿಯನ್ನೇ ಬೈಯುವವರಿಗೆ ನಾನು ಈ ಸಾಲು ತೋರಿಸುತ್ತೇನೆ.

ಮುಂದಿನದು ಬೇಗ ಮುಗಿಯುತ್ತದೆ. ಸೆನ್ವಿಯನ್ ಅಂತ ಹೆಸರು ಬದಲಿಸಿಕೊಂಡಿದ್ದ ರೀಪವರ್ 2015ರಲ್ಲಿ ಮಾರಾಟವಾಯಿತು. 2022ರ ಅಕ್ಟೋಬರ್ 1ರಂದು ತಂತಿ ತೀರಿಕೊಂಡರು. 2023ರಲ್ಲಿ 2,000 ಕೋಟಿ ರೂಪಾಯಿಯ ಹೊಸ ಷೇರು ಮಾರಿ ಕಂಪನಿ ಸಾಲದ ದೊಡ್ಡ ಪಾಲು ತೀರಿಸಿತು.

ಈಗ ಇನ್ನೊಂದು ಫ್ಯಾನ್ ಕಂಪನಿ ಎನರ್ಕಾನ್ ಇಂಡಿಯಾ ಹಿಡಿದಿದ್ದೇನೆ. ಷೇರುಪೇಟೆಯಲ್ಲಿ ಇಲ್ಲದ ಕಂಪನಿ, ಹಾಗಾಗಿ ವಾರ್ಷಿಕ ವರದಿ ಅಷ್ಟು ಸಲೀಸಾಗಿ ಸಿಗುವುದಿಲ್ಲ. ಜರ್ಮನ್ ಪಾಲುದಾರರ ಜೊತೆಗಿನ ಜಗಳದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಕೊಟ್ಟ ತೀರ್ಪಿನಿಂದ ಶುರು ಮಾಡಿದ್ದೇನೆ.