ಮಂಜಿನ ಊರಲ್ಲಿ ಪೂಲ್ ಬಿಸಿ ಮಾಡಿದ್ದು

ತೀರ್ಥಹಳ್ಳಿ ಹತ್ತಿರ ತೋಟದ ಮನೆ ನಮ್ಮದು. ಅಂಗಳದ ಪಕ್ಕ ಒಂದು ಸಣ್ಣ ಸ್ವಿಮ್ಮಿಂಗ್ ಪೂಲ್ ಇದೆ. 24 ಅಡಿ ಉದ್ದ, 12 ಅಡಿ ಅಗಲ, 4 ಅಡಿ ಆಳ. ಊರಿನವರು ಇದನ್ನು 'ಭಟ್ರ ಕೆರೆ' ಅನ್ನುತ್ತಾರೆ. ಮಕ್ಕಳಿಗೆ ಆಗಲಿ ಅಂತ ಕಟ್ಟಿಸಿದ್ದು. ಮೊದಲ ವರ್ಷವೇ ಗೊತ್ತಾಯಿತು, ಇದು ವರ್ಷಕ್ಕೆ ಮೂರು ತಿಂಗಳ ಸುಖ ಅಂತ. ಮಾರ್ಚಿಂದ ಮೇವರೆಗೆ ಎಲ್ಲರೂ ನೀರಲ್ಲೇ. ಜೂನಿಗೆ ಮಳೆ. ಮಳೆ ಮುಗಿಯಿತಲ್ಲ ಅನ್ನುವಷ್ಟರಲ್ಲಿ ಚಳಿ. ಡಿಸೆಂಬರಿನಲ್ಲಿ ಕಾಲು ಇಟ್ಟರೆ ಮೈಯೆಲ್ಲ ಜುಮ್ ಅನ್ನುತ್ತಿತ್ತು.

ಅಷ್ಟರಲ್ಲಿ ನನ್ನ ಹೆಂಡತಿಗೆ ಮಂಡಿನೋವು ಶುರುವಾಯಿತು. ನೀರಲ್ಲಿ ನಡೆದರೆ ಒಳ್ಳೆಯದು, ಆದರೆ ತಣ್ಣೀರು ಬೇಡ ಅಂದರು ಡಾಕ್ಟರು. ಪೂಲ್ ಇದೆ, ಬಿಸಿನೀರು ಇಲ್ಲ. ಹಾಗಾಗಿ ಹೀಟರ್ ಯೋಚನೆ ಬಂತು.

ಮಲೆನಾಡಿನವನಿಗೆ ಬಿಸಿನೀರು ಅಂದರೆ ಮೊದಲು ನೆನಪಾಗುವುದು ಹಂಡೆ ಒಲೆ. ನಮ್ಮಲ್ಲಿ ಅಡಿಕೆ ಬೇಯಿಸುವ ದೊಡ್ಡ ಒಲೆಯೇ ಇದೆ. ಕೊಯ್ಲಿನ ಕಾಲದಲ್ಲಿ ಅದು ಹೇಗೂ ದಿನವಿಡೀ ಉರಿಯುತ್ತದೆ. ಅದರೊಳಗೆ ಒಂದು ತಾಮ್ರದ ಸುರುಳಿ ಕೂರಿಸಿ ಪೂಲಿನ ನೀರು ಹಾಯಿಸಿದರೆ ಆಯಿತಲ್ವಾ ಅಂತ ಲೆಕ್ಕ ಹಾಕಿದೆ. ತಾಮ್ರದ ಪೈಪಿನ ರೇಟು ಕೂಡ ಕೇಳಿಬಂದೆ.

ಆಮೇಲೆ ನಿಜವಾದ ಲೆಕ್ಕಕ್ಕೆ ಕೂತೆ. ನಮ್ಮ ಪೂಲಿನಲ್ಲಿ ಸುಮಾರು 32,600 ಲೀಟರ್ ನೀರು. ಒಂದು ಲೀಟರನ್ನು ಒಂದು ಡಿಗ್ರಿ ಏರಿಸಲು 1.16 ವ್ಯಾಟ್-ಅವರ್ ಬೇಕು. ಸಾವಿರ ವ್ಯಾಟ್-ಅವರ್ ಸೇರಿದರೆ ಒಂದು ಯೂನಿಟ್. ಅಂದರೆ ಇಡೀ ಪೂಲು ಒಂದೇ ಒಂದು ಡಿಗ್ರಿ ಏರಬೇಕಾದರೆ 38 ಯೂನಿಟ್ ಶಾಖ. ಡಿಸೆಂಬರಿನಲ್ಲಿ ನೀರು 22 ಡಿಗ್ರಿ ಇತ್ತು, ನಮಗೆ 28 ಬೇಕು. ಆರು ಡಿಗ್ರಿಗೆ 228 ಯೂನಿಟ್. ಒಣ ಸೌದೆ ಕೆಜಿಗೆ ಸುಮಾರು 4 ಯೂನಿಟ್ ಶಾಖ ಕೊಡುತ್ತದೆ. ಆದರೆ ನಮ್ಮ ಒಲೆಯಲ್ಲಿ ಮುಕ್ಕಾಲು ಪಾಲು ಹೊಗೆಯ ಜೊತೆ ಹೋಗುತ್ತದೆ. ಒಮ್ಮೆ ಬಿಸಿ ಮಾಡಲು ಎರಡು ಕ್ವಿಂಟಾಲಿಗೂ ಮೇಲೆ ಸೌದೆ! ಮೇಲಿಂದ ಪಂಪ್ ನಿಂತರೆ ಸುರುಳಿಯೊಳಗೆ ನೀರು ಕುದಿಯುತ್ತದೆ. ನಮ್ಮೂರಲ್ಲಿ ಕರೆಂಟ್ ಹೋಗಲು ಒಂದು ಕೊಂಬೆ ಮುರಿದರೆ ಸಾಕು. ಸೌದೆ ಆಸೆ ಅಲ್ಲಿಗೆ ಬಿಟ್ಟೆ.

ಶಿವಮೊಗ್ಗದ ಒಂದು ಅಂಗಡಿಯಲ್ಲಿ ಕೇಳಿದಾಗ 6 ಕಿಲೋವ್ಯಾಟಿನ ಕಾಯಿಲ್ ಹೀಟರ್ ತೋರಿಸಿದರು. ಕಡಿಮೆ ರೇಟು, ಕೈಯಲ್ಲಿ ಹಿಡಿಯುವಷ್ಟೇ ಗಾತ್ರ. ಆದರೆ ಅದು ತಿಂದ ಒಂದು ಯೂನಿಟಿಗೆ ಒಂದೇ ಯೂನಿಟ್ ಶಾಖ ಕೊಡುತ್ತದೆ. ಮೊದಲ ಬಿಸಿಗೇ 228 ಯೂನಿಟ್ ಕರೆಂಟು, ಆಮೇಲೆ ದಿನದ ಖರ್ಚು ಬೇರೆ. ಗ್ಯಾಸ್ ಬಾಯ್ಲರ್ ಬೇಗ ಬಿಸಿ ಮಾಡುತ್ತದೆ ನಿಜ. ಆದರೆ ಮೊದಲ ಸಲಕ್ಕೇ 19 ಕೆಜಿಯ ಒಂದು ಸಿಲಿಂಡರ್ ಖಾಲಿಯಾಗಿ ಇನ್ನೊಂದಕ್ಕೆ ಕೈ ಹಾಕಬೇಕು.

ಸೋಲಾರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಪೂಲಿನ ಮೇಲ್ಮೈಯ ಅರ್ಧದಿಂದ ಪೂರ್ತಿಯಷ್ಟು ನೀರು ಕಾಯಿಸುವ ಪ್ಯಾನೆಲ್ ಬೇಕು. ನಮಗೆ ಅಂದರೆ 150ರಿಂದ 290 ಚದರ ಅಡಿ, ದಕ್ಷಿಣಕ್ಕೆ ಮುಖ ಮಾಡಿ. ನಮ್ಮದು ಹೆಂಚಿನ ಮಾಡು, ಸುತ್ತ ಅಡಿಕೆ, ತಲೆ ಮೇಲೆ ಹಲಸಿನ ಮರ. ಚಳಿಗಾಲದಲ್ಲಿ ಒಂಬತ್ತೂವರೆವರೆಗೆ ಮಂಜೇ ಹರಿಯುವುದಿಲ್ಲ. ಜೊತೆಗೆ ಮಂಗಗಳು. ಭದ್ರಾವತಿ, ಶಿಕಾರಿಪುರದ ಬಯಲಲ್ಲಿ ಮನೆ ಇದ್ದಿದ್ದರೆ ನಾನು ಸೋಲಾರೇ ಹಾಕಿಸುತ್ತಿದ್ದೆ.

ಉಳಿದದ್ದು ಹೀಟ್ ಪಂಪ್. ಇದು ಫ್ರಿಜ್ಜನ್ನು ತಿರುಗಿಸಿ ಇಟ್ಟ ಹಾಗೆ. ಫ್ರಿಜ್ಜು ಒಳಗಿನ ಬಿಸಿಯನ್ನು ಹಿಂದಕ್ಕೆ ತಳ್ಳುತ್ತದಲ್ಲ, ಇದು ಹೊರಗಿನ ಗಾಳಿಯ ಬಿಸಿಯನ್ನು ಹೀರಿ ನೀರಿಗೆ ಕೊಡುತ್ತದೆ. ಒಂದು ಯೂನಿಟ್ ಕರೆಂಟಿಗೆ ನಾಲ್ಕೈದು ಯೂನಿಟ್ ಶಾಖ ಸಿಗುತ್ತದೆ. ಗಾಳಿ ಬೆಚ್ಚಗಿದ್ದಷ್ಟೂ, ತೇವ ಇದ್ದಷ್ಟೂ ಒಳ್ಳೆಯದು. ತೇವಕ್ಕೆ ನಮ್ಮಲ್ಲಿ ಬರವೇ?

ಕೊಳ್ಳುವಾಗ ಒಂದು ವಿಷಯ ನೋಡಿ. ಡಬ್ಬಿ ಮೇಲೆ ದೊಡ್ಡದಾಗಿ 13 ಕಿಲೋವ್ಯಾಟ್ ಅಂತ ಬರೆದಿರುತ್ತದೆ. ಅದು ಗಾಳಿ 26 ಡಿಗ್ರಿ ಇದ್ದಾಗಿನ ಮಾತು. ಕೆಳಗೆ ಸಣ್ಣಕ್ಷರದಲ್ಲಿ 15 ಡಿಗ್ರಿಯ ಲೆಕ್ಕ ಇರುತ್ತದೆ, ನಮ್ಮ ಯಂತ್ರಕ್ಕೆ ಅದು ಒಂಬತ್ತು ಚಿಲ್ಲರೆ. ಚಳಿಗೆ ಅಂತ ಕೊಳ್ಳುವವರು ಸಣ್ಣಕ್ಷರವನ್ನೇ ನಂಬಬೇಕು. ಇನ್ನೊಂದು, ಒಳಗಿನ ನೀರಿನ ಸುರುಳಿ ಟೈಟಾನಿಯಂದೇ ಇರಲಿ. ನಮ್ಮ ಬಾವಿ ನೀರಿನ ಪಿಎಚ್ 6.2 ಇತ್ತು. ಅಂಥ ಹುಳಿ ನೀರಿಗೆ ಕ್ಲೋರಿನ್ ಸೇರಿದರೆ ತಾಮ್ರ ಕರಗುತ್ತದೆ. ಟೈಟಾನಿಯಂ ಇದ್ದರೂ ನಾನು ಸೋಡಾ ಆಶ್ ಹಾಕಿ ಪಿಎಚ್ಚನ್ನು 7.2ರಿಂದ 7.6ರ ಒಳಗೆ ಇಡುತ್ತೇನೆ.

ಕೂರಿಸುವ ಜಾಗದಲ್ಲಿ ಮೊದಲ ತಪ್ಪು ಮಾಡಲಿದ್ದೆ. ಮಳೆ ತಾಗದಿರಲಿ ಅಂತ ಸೌದೆ ಕೊಟ್ಟಿಗೆಯೊಳಗೆ ಇಡುವ ಆಲೋಚನೆ. ಹಾಗೆ ಮಾಡಿದ್ದರೆ ತಾನು ಬಿಟ್ಟ ತಣ್ಣನೆ ಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತಿತ್ತು. ಹೊರಗೆ ಜಂಬಿಟ್ಟಿಗೆ ಕಲ್ಲಿನ ಕಟ್ಟೆ ಕಟ್ಟಿ, ಹಿಂದೆ ಎರಡು ಅಡಿ, ಫ್ಯಾನಿನ ಎದುರು ಎಂಟು ಅಡಿ ಖಾಲಿ ಬಿಟ್ಟೆ. ಮಾಡಿನ ಹನಿ ನೇರ ಬೀಳದ ಹಾಗೆ ಸ್ವಲ್ಪ ದೂರ.

ಪೈಪಿನ ಕ್ರಮ ಹೀಗೆ: ಪಂಪ್, ಫಿಲ್ಟರ್, ಆಮೇಲೆ ಹೀಟರ್, ಎಲ್ಲಕ್ಕಿಂತ ಕೊನೆಗೆ ಕ್ಲೋರಿನ್. ಹೀಟರಿಗೂ ಕ್ಲೋರಿನ್ನಿಗೂ ನಡುವೆ ನೀರು ಹಿಂದಕ್ಕೆ ಬರದಂತೆ ಒಂದು ಚೆಕ್ ವಾಲ್ವ್. ಹೀಟರಿನ ಎರಡೂ ಕಡೆ ಬಿಚ್ಚಿ ಜೋಡಿಸಬಹುದಾದ ಯೂನಿಯನ್, ಮತ್ತೆ ಹೀಟರನ್ನು ಬಿಟ್ಟು ನೀರು ಹಾಯಿಸಲು ಮೂರು ವಾಲ್ವಿನ ಬೈಪಾಸ್. "ಸುಮ್ನೆ ಮೂರು ವಾಲ್ವ್ ದಂಡ" ಅಂದ ಪ್ಲಂಬರ್. ಹಟ ಹಿಡಿದು ಹಾಕಿಸಿದೆ. ನೀರಿನ ಹರಿವನ್ನು ಹೊಂದಿಸಲು ಅದು ಬೇಕು, ಯಂತ್ರ ಕೆಟ್ಟರೆ ಬಿಚ್ಚಿ ಕಳಿಸಿ ಪೂಲ್ ನಡೆಸಲೂ ಬೇಕು.

ಕರೆಂಟಿನ ವಿಷಯದಲ್ಲಿ ಜಿಪುಣತನ ಬೇಡ. ಯಂತ್ರ ಎಳೆಯುವುದು ಎರಡೂವರೆ ಕಿಲೋವ್ಯಾಟ್ ಅಷ್ಟೇ, ಸಿಂಗಲ್ ಫೇಸ್ ಸಾಕಾಯಿತು. ಆದರೆ ಬೇರೆಯೇ ಲೈನು, 4 ಚದರ ಮಿಲಿಮೀಟರಿನ ತಾಮ್ರದ ವೈರು, ಸರಿಯಾದ ಅರ್ತಿಂಗು, ಕರೆಂಟ್ ಸೋರಿದರೆ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆ. ಒದ್ದೆ ಮೈಯಲ್ಲಿ ಮಕ್ಕಳು ಓಡಾಡುವ ಜಾಗ ಅದು. ವೋಲ್ಟೇಜ್ ಇಳಿದರೆ ತಾನೇ ಆಫ್ ಆಗುವ ಒಂದು ರಿಲೇ ಕೂಡ ಇದೆ. ಏಪ್ರಿಲಿನಲ್ಲಿ ಗುಡುಗು ಶುರುವಾದರೆ ಟಿವಿ ಪಿನ್ ಕಿತ್ತ ಹಾಗೆ ಇದನ್ನೂ ಆಫ್ ಮಾಡುತ್ತೇವೆ. ಎಲ್ಲಾ ಸೇರಿ ಎರಡು ಲಕ್ಷ ದಾಟಿತು.

ಚಾಲೂ ಮಾಡಿದ ದಿನ ನೆಂಟರೆಲ್ಲ ನೋಡಲು ಬಂದಿದ್ದರು. ನೀರು ಬರುವ ತೂತಿಗೆ ಕೈ ಹಿಡಿದು ಭಾವ "ಬಿಸಿಯೇ ಇಲ್ಲವಲ್ಲ ಮಾರಾಯ, ಮೋಸ ಹೋದೆ" ಅಂದ. ಅದು ಇರುವುದೇ ಹಾಗೆ. ಗಂಟೆಗೆ 5,000 ಲೀಟರ್ ಹಾಯುವಾಗ ಒಳಹೋಗುವ ನೀರಿಗೂ ಹೊರಬರುವ ನೀರಿಗೂ ಒಂದೂವರೆ, ಎರಡು ಡಿಗ್ರಿ ಮಾತ್ರ ವ್ಯತ್ಯಾಸ. ಗೀಸರಿನ ಹಾಗೆ ಸುಡುವುದಿಲ್ಲ.

ಆದರೆ ನಾಲ್ಕು ದಿನ ಆದರೂ ನೀರು 25ರ ಮೇಲೆ ಏರಲಿಲ್ಲ. ಆಗ ನನಗೂ ಭಾವನ ಮಾತೇ ನಿಜವೇನೋ ಅನ್ನಿಸಿತು. ಸಂಜೆಗೊಮ್ಮೆ, ಬೆಳಗ್ಗೆಗೊಮ್ಮೆ ಥರ್ಮಾಮೀಟರ್ ಇಳಿಬಿಟ್ಟು ಬರೆದಿಟ್ಟೆ. ಹಗಲಲ್ಲಿ ಎರಡು ಡಿಗ್ರಿ ಏರುತ್ತಿತ್ತು, ರಾತ್ರಿ ಅಷ್ಟೇ ಇಳಿಯುತ್ತಿತ್ತು. ಬೆಳಗ್ಗೆ ಪೂಲಿನ ಮೇಲೆ ಹಬೆ ಏಳುವುದನ್ನು ನೋಡಿ ಎಷ್ಟು ಚಂದ ಅಂತ ಫೋಟೋ ತೆಗೆದಿದ್ದೆವು. ಹೋಗುತ್ತಿದ್ದದ್ದು ನಮ್ಮ ಕರೆಂಟ್ ಬಿಲ್ಲು! ನೀರು ಆವಿಯಾಗುವಾಗ ಲೀಟರಿಗೆ ಮುಕ್ಕಾಲು ಯೂನಿಟಿಗೆ ಹತ್ತಿರದಷ್ಟು ಶಾಖ ಹೊತ್ತುಕೊಂಡು ಹೋಗುತ್ತದೆ. ನಮ್ಮ ಪೂಲು ಒಂದು ಮಿಲಿಮೀಟರ್ ಆರಿದರೆ ಹತ್ತಿರ ಹತ್ತಿರ ಅರ್ಧ ಡಿಗ್ರಿ ಹೋಯಿತು ಅಂತಲೇ.

ಮೊದಲು ಅಡಿಕೆ ಒಣಗಿಸುವ ಟಾರ್ಪಾಲು ಹೊದೆಸಿದೆ. ಇಬ್ಬನಿ, ಸೋಗೆ, ಹಾಳೆ ಎಲ್ಲ ಬಿದ್ದು ನಡುವೆ ಮುಳುಗಿತು. ಎಳೆಯಲು ಇಬ್ಬರು ಆಳು ಬೇಕಾಯಿತು. ಆಮೇಲೆ ಗುಳ್ಳೆ ಗುಳ್ಳೆ ಇರುವ ಪೂಲ್ ಕವರ್ ತರಿಸಿದೆ. ಗುಳ್ಳೆ ಕೆಳಮುಖವಾಗಿರಬೇಕು. ಅದು ಬಂದ ಮೇಲೆ ರಾತ್ರಿ ಒಂದು ಡಿಗ್ರಿ ಇಳಿದರೆ ಜಾಸ್ತಿ. ಮೂರೇ ದಿನಕ್ಕೆ 28 ಮುಟ್ಟಿತು. ಈಗ ಹೊಸದಾಗಿ ಮಾಡಿಸುವವರಿಗೆ ಮೊದಲು ಕವರ್ ತನ್ನಿ, ಹೀಟರ್ ಆಮೇಲೆ ಅನ್ನುತ್ತೇನೆ. ಒಂದು ಎಚ್ಚರಿಕೆ: ನೀರಿಗೆ ಇಳಿಯುವಾಗ ಕವರನ್ನು ಪೂರ್ತಿ ತೆಗೆಯಿರಿ. ಅರ್ಧ ಸರಿಸಿದರೆ ಮಕ್ಕಳು ಅದರಡಿ ಸಿಕ್ಕಿಬೀಳುತ್ತಾರೆ.

ಇನ್ನೊಂದು ಗಾಬರಿ ಬಾಕಿ ಇತ್ತು. ಒಂದು ದಿನ ಹೀಟರಿನ ಅಡಿಯಿಂದ ನೀರು ಸುರಿಯುತ್ತಿತ್ತು. ಸುರುಳಿ ಒಡೆಯಿತು ಅಂತ ಪ್ಲಂಬರ್ ಸ್ಪ್ಯಾನರ್ ಹಿಡಿದು ಬಂದ. ಪೂಲಿಗೆ ಬಳಸುವ ಕ್ಲೋರಿನ್ ಟೆಸ್ಟಿನ ಹನಿಯನ್ನು ಆ ನೀರಿಗೆ ಹಾಕಿ ನೋಡಿದೆ. ಬಣ್ಣ ಬರಲಿಲ್ಲ. ಅಂದರೆ ಪೂಲಿನ ನೀರಲ್ಲ, ಗಾಳಿಯ ತೇವ ಹೀಟರಿನ ತಣ್ಣನೆ ಲೋಹದ ರೆಕ್ಕೆಗೆ ತಾಗಿ ಇಳಿದದ್ದು. ಸ್ಪ್ಯಾನರ್ ಚೀಲಕ್ಕೆ ಹೋಯಿತು. ಆ ನೀರು ಈಗ ವೀಳ್ಯದ ಬಳ್ಳಿಗೆ.

ಹೆಂಡತಿ ಸಂಜೆ ನಾಲ್ಕೂವರೆಗೆ ನೀರಿಗಿಳಿಯುತ್ತಾಳೆ. ಹೀಟರನ್ನು ಹತ್ತರಿಂದ ನಾಲ್ಕರವರೆಗೆ ಟೈಮರಿನಲ್ಲಿ ಬಿಡುತ್ತೇವೆ, ಗಾಳಿ ಬೆಚ್ಚಗಿರುವ ಹೊತ್ತು ಅದೇ. ಕವರ್ ಇದ್ದರೆ ದಿನಕ್ಕೆ ಎಂಟೊಂಬತ್ತು ಯೂನಿಟ್, ಪಂಪಿನದು ಬೇರೆ. ಮಳೆಗಾಲಕ್ಕೆ ಮಾತ್ರ ಇದೆಲ್ಲ ಬೇಡ. ದಿನಕ್ಕೆ 100 ಮಿಲಿಮೀಟರ್ ಹೊಯ್ದರೆ 2,700 ಲೀಟರ್ ತಣ್ಣೀರು ಬಂದು ಸೇರಿ, ಬಿಸಿಯೂ ಕ್ಲೋರಿನ್ನೂ ತುಂಬಿ ಹೊರಗೆ ಹರಿಯುತ್ತವೆ. ಮಳೆ ತಾಗದಿರಲಿ ಅಂತ ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವ ಹೊತ್ತಿಗೆ ಹೀಟರಿನ ನೀರು ಖಾಲಿ ಮಾಡಿ, ಮೇನ್ ಆಫ್ ಮಾಡಿ, ಅದಕ್ಕೂ ಒಂದು ಕೊಪ್ಪೆ ಹೊದೆಸುತ್ತೇನೆ. ಹೋದ ಸಲ ಅಕ್ಟೋಬರಿನಲ್ಲಿ ತೆಗೆದಾಗ ಫ್ಯಾನಿನ ಮೇಲೆ ಕಣಜದ ಗೂಡು ಇತ್ತು. ಈ ಸಲ ಜಾಳಿಗೆಗೆ ಸೊಳ್ಳೆ ಪರದೆ ಸುತ್ತಿದ್ದೇನೆ. ಚಾಲೂ ಮಾಡುವ ಮೊದಲು ಅದನ್ನು ಬಿಚ್ಚಲು ಮರೆಯಬಾರದು ಅಂತ ಸ್ವಿಚ್ಚಿನ ಮೇಲೆ ಚೀಟಿ ಅಂಟಿಸಿದೆ.