ಹೂ ಕಂಡ ಮೇಲಿನ ಕೆಲಸ: ಕರಾವಳಿಯ ಮಳೆಯಲ್ಲಿ ಕಾಡು ಆರ್ಕಿಡ್ ದಾಖಲಿಸುವ ಕ್ರಮ

ಹೊಸ ಆರ್ಕಿಡ್ ಸಿಕ್ಕಿತು ಎಂದು ಯಾರಾದರೂ ಫೋಟೋ ಕಳಿಸಿದರೆ ನಾನು ಮೊದಲು ಕೇಳುವುದು, ಯಾರಿಗೆ ಹೊಸತು ಎಂದು. ಕಂಡವರಿಗೋ, ಉಡುಪಿ ಜಿಲ್ಲೆಗೋ, ಕರ್ನಾಟಕಕ್ಕೋ, ಇಲ್ಲ ಸಸ್ಯಶಾಸ್ತ್ರಕ್ಕೇ ಹೊಸತೋ? ಒಂದೊಂದಕ್ಕೂ ಬೇಕಾದ ಪುರಾವೆ ಬೇರೆ. 2020ರಲ್ಲಿ ಉತ್ತರಾಖಂಡದ ಚಮೋಲಿ ಜಿಲ್ಲೆಯ ಸಪ್ತಕುಂಡದ ದಾರಿಯಲ್ಲಿ, ಸುಮಾರು 3,800 ಮೀಟರ್ ಎತ್ತರದಲ್ಲಿ, ಲಿಪಾರಿಸ್ ಪಿಗ್ಮಿಯಾ ಎಂಬ ಕುಳ್ಳ ಆರ್ಕಿಡ್ ಸಿಕ್ಕಿದ್ದು ಸುದ್ದಿಯಾಯಿತು. ಅದು ಹೊಸ ಪ್ರಭೇದವಲ್ಲ, ಪಶ್ಚಿಮ ಹಿಮಾಲಯಕ್ಕೆ ಹೊಸ ದಾಖಲೆ. ಭಾರತದಲ್ಲಿ ಅದು ಹಿಂದೆ ದಾಖಲಾದದ್ದು 1896ರಲ್ಲಿ, ಸಿಕ್ಕಿಂನಿಂದ. ಬರೋಬ್ಬರಿ 124 ವರ್ಷ ಎಂದು ಲೆಕ್ಕ ಹೇಳಲು ಆದದ್ದು ಅಂದು ಯಾರೋ ಊರು, ಇಸವಿ ಬರೆದಿಟ್ಟಿದ್ದರಿಂದ. ಹಿಮಾಲಯದ ಬುಗ್ಯಾಲ್ ಎಂಬ ಹುಲ್ಲುಗಾವಲಾಗಲಿ, ನಮ್ಮ ಮುರಕಲ್ಲಿನ ಬಯಲಾದ ‘ಪದವು’ ಆಗಲಿ, ಕೆಲಸದ ಕ್ರಮ ಒಂದೇ. ಇಲ್ಲಿಯ ಮಳೆ ಮಾತ್ರ ಅದನ್ನು ಇನ್ನಷ್ಟು ಕಷ್ಟ ಮಾಡುತ್ತದೆ.

ಅನುಮತಿಯ ಮಾತು ಮೊದಲು ಮುಗಿಸುತ್ತೇನೆ. ಸೋಮೇಶ್ವರ, ಮೂಕಾಂಬಿಕಾ ವನ್ಯಧಾಮ, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಒಂದು ಎಲೆ ಕೀಳಬೇಕಾದರೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಜೂನ್‌ನ ಹೂವಿಗೆ ಜೂನ್‌ನಲ್ಲಿ ಅರ್ಜಿ ಹಾಕಿದರೆ ಕಾಗದ ಬರುವಾಗ ಕಾಯಿಯೂ ಒಡೆದಿರುತ್ತದೆ, ಹಾಗಾಗಿ ಚಳಿಗಾಲದಲ್ಲೇ ಹಾಕಿಡಿ. ಖಾಸಗಿ ಗುಡ್ಡೆ, ತೋಟಗಳಲ್ಲಿ ಯಜಮಾನರ ಒಪ್ಪಿಗೆ ಪಡೆದು ಅದನ್ನೂ ನೋಟ್ ಪುಸ್ತಕದಲ್ಲಿ ಬರೆಯುತ್ತೇನೆ. ನಾಗಬನದಲ್ಲಿ ಮನೆಯವರು ಒಪ್ಪಿದರೂ ಏನೂ ಕೀಳುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ಫೋಟೋ ತೆಗೆದು ಬರುವುದು, ಅಷ್ಟೇ.

ಇಲ್ಲಿ ಮರದ ಮೇಲಿನ ಸೀತಾಳೆದಂಡೆ, ಅಕಾಂಪೆ, ಸಿಂಬಿಡಿಯಂ ಮುಂತಾದವಕ್ಕೆ ಬೇಸಿಗೆಯ ಕೊನೆ ಒಳ್ಳೆಯ ಕಾಲ. ಬಿಳಿ ಡೆಂಡ್ರೋಬಿಯಂಗಳು ಅದಕ್ಕೂ ಮೊದಲೇ, ಎಲೆ ಉದುರಿಸಿದ ದಂಟಿನ ಮೇಲೆ ಅರಳುತ್ತವೆ. ನೆಲದ ಹಬೆನಾರಿಯಾಗಳಿಗೆ ಮಳೆ ಹಿಡಿದ ಮೇಲಿನ ಪದವು ನೋಡಬೇಕು. ಮರ ಹತ್ತುವವರು ಸಿಗದಿದ್ದರೆ ಚಿಂತೆ ಬೇಡ. ಮಳೆಗಾಲಕ್ಕೆ ಮೊದಲು ಮೆಸ್ಕಾಂನವರು ತಂತಿಗೆ ತಾಗುವ ಗೆಲ್ಲು ಕಡಿದು ರಸ್ತೆ ಬದಿಗೆ ಹಾಕುತ್ತಾರೆ, ಗಾಳಿಮಳೆಗೆ ಬಿದ್ದ ಗೆಲ್ಲುಗಳೂ ಧಾರಾಳ. ತುದಿಗೆಲ್ಲುಗಳಲ್ಲೂ ಬದುಕುವ ಓಬೆರೋನಿಯಾದಂಥ ಪುಟ್ಟ ಗಿಡಗಳು ನನಗೆ ಹೆಚ್ಚು ಸಿಕ್ಕಿದ್ದು ಹೀಗೆಯೇ. ಆಗ ಗಿಡ ಯಾವ ಎತ್ತರದಲ್ಲಿತ್ತು ಎಂಬುದು ಗೊತ್ತಾಗುವುದಿಲ್ಲ, ಅದರಿಂದ ‘ಬಿದ್ದ ಗೆಲ್ಲಿನಿಂದ’ ಎಂದೇ ಬರೆಯಬೇಕು. ಊಹೆಯ ಎತ್ತರ ಬರೆಯಬಾರದು. ಆಶ್ರಯ ಮರದ ಹೆಸರು ಮಾತ್ರ ತಪ್ಪದೆ ಬೇಕು: ಮಾವೋ, ಹಲಸೋ, ಕಿರಾಲ್‌ಬೋಗಿಯೋ. ತೋಟದವರು ಆರ್ಕಿಡನ್ನು ಬದನಿಕೆ ಎಂದು ಕಿತ್ತು ಬಿಸಾಡುವುದುಂಟು. ಅದು ಮರದ ರಸ ಹೀರುವುದಿಲ್ಲ, ತೊಗಟೆಯನ್ನು ಹಿಡಿದು ಕೂತಿರುತ್ತದೆ ಅಷ್ಟೇ ಎಂದು ತಿಳಿಸಿ ಹೇಳಿದರೆ ಮುಂದಿನ ವರ್ಷಕ್ಕೂ ಗಿಡ ಉಳಿಯುತ್ತದೆ.

ಗಿಡ ಮುಟ್ಟುವ ಮೊದಲು ಫೋಟೋ. ದೂರದಿಂದ ಜಾಗ, ಆಮೇಲೆ ಇಡೀ ಗಿಡ, ಎಲೆಯ ಎರಡೂ ಬದಿ, ಹೂಗೊಂಚಲು. ನಂತರ ಒಂದೇ ಹೂವನ್ನು ಎದುರಿನಿಂದ, ಬದಿಯಿಂದ, ಹಿಂದಿನಿಂದ. ಬದಿಯ ಫೋಟೋ ಎಲ್ಲರೂ ಮರೆಯುವಂಥದ್ದು, ಗುರುತಿಸುವಾಗ ಹೆಚ್ಚು ಬೇಕಾಗುವುದೂ ಅದೇ. ಹೂವಿನ ಹಿಂಬದಿಗೆ ಚಾಚಿದ ಕೊಳವೆಯಂಥ ಬಾಲ ಎಷ್ಟು ಉದ್ದ, ಎತ್ತ ಬಾಗಿದೆ ಎಂಬುದು ಎದುರಿನಿಂದ ಕಾಣುವುದೇ ಇಲ್ಲ. ಪ್ರತಿ ಸರಣಿಯಲ್ಲಿ ಒಂದರಲ್ಲಾದರೂ ಮಿಲಿಮೀಟರ್ ಪಟ್ಟಿ ಹೂವಿನ ಮಟ್ಟದಲ್ಲೇ ಇರಬೇಕು. ಹಿಂದೆ ಮುಂದೆ ಆದರೆ ಅಳತೆ ಸುಳ್ಳಾಗುತ್ತದೆ. ಬಿಳಿ ಹೂವಿಗೆ ಎಕ್ಸ್‌ಪೋಶರ್ ಮೈನಸ್ 0.7ಕ್ಕೆ ಇಳಿಸುತ್ತೇನೆ, ಇಲ್ಲದಿದ್ದರೆ ತುಟಿ ದಳದ (ಉಳಿದವಕ್ಕಿಂತ ಬೇರೆ ಆಕಾರದ ಒಂದು ದಳ) ಮೇಲಿನ ಗೆರೆ, ರೋಮ ಎಲ್ಲ ಬಿಳಿಯಲ್ಲಿ ಕರಗಿಹೋಗುತ್ತವೆ. ಹಿಂದೆ ಹಿಡಿಯಲು ಅಂಗೈಯಗಲದ ಕಪ್ಪು ವೆಲ್ವೆಟ್ ತುಂಡು ಸಾಕು. ಎಸಿ ಕಾರಿನಿಂದ ಕ್ಯಾಮೆರಾ ಹೊರತೆಗೆದರೆ ಮಳೆಗಾಲದಲ್ಲಿ ಲೆನ್ಸ್ ಮಂಜಾಗುತ್ತದೆ, ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ದಾರಿಯುದ್ದಕ್ಕೂ ಎಸಿ ಬಂದ್ ಮಾಡುವುದೊಂದೇ ಉಪಾಯ. ಫೋನಾದರೆ ಒದ್ದೆ ಕೈಗೆ ಪರದೆ ಕೆಲಸ ಮಾಡದು, ವಾಲ್ಯೂಮ್ ಗುಂಡಿಯಿಂದ ಕ್ಲಿಕ್ಕಿಸಿ. ಅಡಿಕೆ ತೋಟದ ಬದಿಯ ಮರಗಳಲ್ಲಿ ಎಲೆ ಮೇಲೆ ನೀಲಿ ಚುಕ್ಕೆ ಕಂಡರೆ ಅದು ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಹನಿ ಇರಬಹುದು. ತೊಳೆದು ನೋಡದೆ ‘ಚುಕ್ಕೆ ಎಲೆ’ ಎಂದು ಬರೆಯಬೇಡಿ.

ಸ್ಥಳ ಬರೆಯುವಾಗ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಪದ್ಧತಿಯಲ್ಲಿ, ದಶಮಾಂಶ ಡಿಗ್ರಿಯಲ್ಲಿ ಬರೆಯಿರಿ, ಜತೆಗೆ ಫೋನ್ ತೋರಿಸುವ ನಿಖರತೆಯನ್ನೂ. ದಟ್ಟ ಮರದಡಿ ಐದು ದಶಮಾಂಶ ಬರೆದರೂ ಹತ್ತು ಹದಿನೈದು ಮೀಟರ್ ಆಚೀಚೆ ಆಗುತ್ತದೆ. ಸಮುದ್ರಮಟ್ಟದಿಂದ ಎತ್ತರದಲ್ಲಿ ಇನ್ನೂ ದೊಡ್ಡ ತಪ್ಪಿದೆ. ಕೆಲವು ಆ್ಯಪ್‌ಗಳು ಉಪಗ್ರಹ ಪದ್ಧತಿ ಭೂಮಿಯ ಬದಲಿಗೆ ಇಟ್ಟುಕೊಂಡ ಗಣಿತದ ಗೋಳದಿಂದ ಅಳೆದ ಎತ್ತರವನ್ನೇ ತೋರಿಸುತ್ತವೆ. ನಮ್ಮ ಕರಾವಳಿಯಲ್ಲಿ ಅದಕ್ಕೂ ನಿಜವಾದ ಸಮುದ್ರಮಟ್ಟಕ್ಕೂ 80 ಮೀಟರಿಗಿಂತ ಹೆಚ್ಚು ಅಂತರ. ಮಲ್ಪೆ ಬೀಚಿನಲ್ಲಿ ನಿಂತು ಆ್ಯಪ್ ತೆರೆಯಿರಿ. ಮೈನಸ್ ಎಂಬತ್ತರ ಆಸುಪಾಸಿನ ಸಂಖ್ಯೆ ಬಂದರೆ ಅದರ ಎತ್ತರವನ್ನು ತಿದ್ದದೆ ಎಲ್ಲಿಯೂ ಬಳಸುವಂತಿಲ್ಲ.

ಇನ್ನು ಮಾದರಿ. ಗಿಡಗಳನ್ನು ಮೊದಲು ಎಣಿಸಿ. ಇಪ್ಪತ್ತಿದ್ದರೆ ಒಂದನ್ನು ತೆಗೆಯಬಹುದು, ಅದಕ್ಕಿಂತ ಕಡಿಮೆ ಇದ್ದರೆ ಇಡೀ ಗಿಡ ಬೇಡ: ಒಂದು ಹೂಗೊಂಚಲು, ಒಂದು ಎಲೆ, ಅಳತೆ, ಫೋಟೋ ಸಾಕು. ನೆಲದ ಆರ್ಕಿಡ್‌ಗೆ ಗೆಡ್ಡೆಯ ಆಕಾರ ತಿಳಿಯಬೇಕೆಂದಿದ್ದರೆ ಒಂದು ಬದಿಯ ಮಣ್ಣು ಸರಿಸಿ ಫೋಟೋ ತೆಗೆದು ಮತ್ತೆ ಮುಚ್ಚಬಹುದು. ಪ್ರತಿ ಗಿಡಕ್ಕೂ ಒಂದು ಸಂಗ್ರಹ ಸಂಖ್ಯೆ, ಒಂದರಿಂದ ಶುರುವಾಗಿ ಜೀವಮಾನವಿಡೀ ಮುಂದುವರಿಯುವಂಥದ್ದು. ಗಿಡ ಒತ್ತಿ ಒಣಗಿಸಿದ ಹಾಳೆ, ಹೂವಿನ ಬಾಟಲಿ, ಡಿಎನ್‌ಎಗೆ ತೆಗೆದ ಎಲೆ ತುಂಡಿನ ಲಕೋಟೆ, ಫೋಟೋ ಫೋಲ್ಡರ್, ಎಲ್ಲದಕ್ಕೂ ಅದೇ ಸಂಖ್ಯೆ. ಬಾಟಲಿಗೊಂದು ಹಾಳೆಗೊಂದು ಸಂಖ್ಯೆ ಕೊಟ್ಟವರು ಎರಡು ವರ್ಷದ ಮೇಲೆ ಯಾವ ಹೂ ಯಾವ ಎಲೆಯದು ಎಂದು ತಲೆ ಕೆರೆದುಕೊಳ್ಳುತ್ತಾರೆ.

ನೆರ್ವಿಲಿಯಾ ಎಂಬ ನೆಲದ ಆರ್ಕಿಡ್ ಇದ್ದರೆ ಇನ್ನೊಂದು ಪೇಚು. ಮೊದಲ ಮಳೆಗೆ ಹೂ ಮಾತ್ರ ಮೇಲೆ ಬರುತ್ತದೆ, ಅದು ಬಾಡಿದ ಮೇಲೆ ಎಲೆ. ಒಂದೇ ಸಲ ಹೋದವರಿಗೆ ಅರ್ಧ ಗಿಡವಷ್ಟೇ ಸಿಗುತ್ತದೆ. ಎಲೆಗೆಂದು ಮತ್ತೆ ಬಂದಾಗ ಗಿಡ ಸಿಗಬೇಕಲ್ಲ, ಗುರುತಿಗೆ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ಪಟ್ಟಿ ಕತ್ತರಿಸಿ ಅದರ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಸಂಖ್ಯೆ ಬರೆದರೆ ಮಳೆಗೆ ಅಳಿಯದು. ಮುರಕಲ್ಲಿನ ಮೇಲೆ ಗೂಟ ಇಳಿಯುವುದಿಲ್ಲ. ಅಲ್ಲಿ ದೊಡ್ಡ ಕಲ್ಲೊಂದನ್ನು ಗುರುತು ಮಾಡಿ, ಅಲ್ಲಿಂದ ಟೇಪಿನ ಅಳತೆಯನ್ನೂ ದಿಕ್ಸೂಚಿಯ ಕೋನವನ್ನೂ ಬರೆದಿಟ್ಟುಕೊಳ್ಳುತ್ತೇನೆ.

ಹೂ ಬಿಡಿಸುವ ಕೆಲಸ ಅದೇ ದಿನ, ಸಾಧ್ಯವಾದರೆ ಅದೇ ಗಂಟೆ. ಬಿಳಿ ಕಾರ್ಡಿನ ಮೇಲೆ ಎರಡೂ ಬದಿ ಅಂಟುವ ಟೇಪ್ ಹಚ್ಚಿ ಮೂರು ಪುಷ್ಪಪತ್ರ, ಎರಡು ಪುಷ್ಪದಳ, ತುಟಿ ದಳ, ಗಂಡು ಹೆಣ್ಣು ಭಾಗಗಳು ಕೂಡಿದ ಮಧ್ಯದ ಕಂಬ ಎಲ್ಲವನ್ನೂ ಬೇರೆ ಬೇರೆಯಾಗಿ ಚಪ್ಪಟೆ ಹಾಸುತ್ತೇನೆ. ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್, ಚೂಪಾದ ಫೋರ್ಸೆಪ್ಸ್, ಡಿಜಿಟಲ್ ಕ್ಯಾಲಿಪರ್ ಇದ್ದರೆ ಆಯಿತು. ಹಬೆನಾರಿಯಾದಲ್ಲಿ ಬಾಲವನ್ನು ಬಾಯಿಯಿಂದ ತುದಿಯವರೆಗೆ, ಅಂಡಾಶಯವನ್ನು ತೊಟ್ಟಿನ ಸಮೇತ ಅಳೆಯಿರಿ. ಎರಡರಲ್ಲಿ ಯಾವುದು ಉದ್ದ ಎಂಬ ಒಂದೇ ಪ್ರಶ್ನೆಯಲ್ಲಿ ಎಷ್ಟೋ ಪ್ರಭೇದಗಳು ಬೇರೆಯಾಗುತ್ತವೆ. ಬಾಗಿದ ಬಾಲಕ್ಕೆ ಕ್ಯಾಲಿಪರ್ ಹಿಡಿಯಬೇಡಿ, ದಾರ ಇಟ್ಟು ಅಳೆಯಿರಿ. ಆಮೇಲೆ ಕಂಬದ ತುದಿಯ ಟೊಪ್ಪಿಯನ್ನು ಸೂಜಿಯಿಂದ ಎತ್ತಿ ಪರಾಗದ ಮುದ್ದೆ ಎಷ್ಟಿವೆ ನೋಡಿ. ವಾಂಡಾ, ಹಬೆನಾರಿಯಾಗಳಲ್ಲಿ ಎರಡು, ಡೆಂಡ್ರೋಬಿಯಂ, ಲಿಪಾರಿಸ್‌ಗಳಲ್ಲಿ ನಾಲ್ಕು, ಏರಿಯಾದಲ್ಲಿ ಎಂಟು. ಕುಲ ತಪ್ಪಿದರೆ ಮುಂದಿನದೆಲ್ಲ ತಪ್ಪು, ಅದರಿಂದ ಈ ಎಣಿಕೆಗೆ ನಾನು ಅವಸರ ಮಾಡುವುದಿಲ್ಲ. ಕೀಟ ಬಂದು ಹೋದ ಹೂವಲ್ಲಿ ಮುದ್ದೆಯೇ ಇರುವುದಿಲ್ಲ, ಆಗಷ್ಟೇ ಅರಳಿದ್ದನ್ನು ಅಥವಾ ದೊಡ್ಡ ಮೊಗ್ಗನ್ನು ಆರಿಸಿ. ಬೇರೆ ಬೇರೆ ಐದು ಗಿಡದ ಐದು ಹೂ ಅಳೆದರೆ ಕನಿಷ್ಠ, ಗರಿಷ್ಠ ಸಿಗುತ್ತದೆ. ಒಂದೇ ಹೂವಿನ ಅಳತೆಯ ಮೇಲೆ ‘ಹೊಸ ಪ್ರಭೇದ’ ಕಟ್ಟಿದ ಬರಹಗಳು ಮುಂದೆ ಪರ್ಯಾಯನಾಮಗಳ, ಅಂದರೆ ಮೊದಲೇ ಗೊತ್ತಿದ್ದ ಗಿಡದ ಇನ್ನೊಂದು ಹೆಸರುಗಳ, ಪಟ್ಟಿಗೆ ಸೇರಿಹೋಗುತ್ತವೆ. ಬಣ್ಣ ಮತ್ತು ವಾಸನೆಯನ್ನು ಹೂ ಎದುರಿಗಿರುವಾಗಲೇ ಬರೆಯಿರಿ. ಪತಂಗಗಳನ್ನು ಕರೆಯುವ ಬಿಳಿ ಹೂಗಳು ಹಗಲು ಸಪ್ಪೆ, ಸಂಜೆಯ ಮೇಲೆ ಘಮಘಮ. ವಾಸನೆ ಇಲ್ಲ ಎಂದು ಮಧ್ಯಾಹ್ನ ಬರೆದದ್ದು ಅರ್ಧ ಸತ್ಯ.

ಎರಡು ಮೂರು ಹೂಗಳು ದ್ರವಕ್ಕೆ. ಒತ್ತಿದ ಆರ್ಕಿಡ್ ಹೂವಿನ ತುಟಿಯ ಆಕಾರ ಆಮೇಲೆ ಯಾರಿಗೂ ಅರ್ಥವಾಗದು, ದ್ರವದಲ್ಲಿದ್ದ ಹೂವನ್ನು ಎಷ್ಟು ವರ್ಷಕ್ಕೂ ಬಿಡಿಸಿ ನೋಡಬಹುದು. ಗಟ್ಟಿ ಆಲ್ಕೋಹಾಲ್ 70 ಪಾಲು, ನೀರು 28, ಗ್ಲಿಸರಿನ್ 2, ಇದು ಹರ್ಬೇರಿಯಂಗಳಲ್ಲಿ (ಒಣಗಿಸಿದ ಗಿಡಗಳ ಸಂಗ್ರಹಾಲಯ) ಕೋಪನ್‌ಹೇಗನ್ ಮಿಶ್ರಣ ಎಂದು ಕರೆಯುವ ಹದ. ಮೆಡಿಕಲ್ ಅಂಗಡಿಯ ಸ್ಪಿರಿಟ್ ಲೇಬಲ್‌ನಲ್ಲಿ ಶೇ 70 ಎಂದೇ ಇದ್ದರೆ ಮತ್ತೆ ನೀರು ಬೇಡ, 100 ಮಿಲಿಗೆ 2 ಮಿಲಿ ಗ್ಲಿಸರಿನ್ ಹಾಕಿ. ಸ್ಯಾನಿಟೈಸರ್ ಜೆಲ್ ಬಳಸಬೇಡಿ. ದಪ್ಪ ಕಾಗದದಲ್ಲಿ ಪೆನ್ಸಿಲಿನಿಂದ ಸಂಖ್ಯೆ ಬರೆದು ಬಾಟಲಿಯ ಒಳಗೇ ಹಾಕಿ, ಹೊರಗೆ ಮಾರ್ಕರಿನಲ್ಲಿ ಬರೆದದ್ದು ಒಂದು ಹನಿ ಸ್ಪಿರಿಟ್‌ಗೆ ಮಾಯ.

ಹಾಳೆಗೆ ಒತ್ತುವುದರಲ್ಲಿ ಕರಾವಳಿಯವರಿಗೆ ನಿಜವಾದ ಪರೀಕ್ಷೆ. ಆರ್ಕಿಡ್ ಸುಲಭಕ್ಕೆ ಸಾಯುವ ಗಿಡವಲ್ಲ. ನೀರು ತುಂಬಿದ ದಂಟು, ಗೆಡ್ಡೆಗಳಿಂದಾಗಿ ಗಿಡ ಒತ್ತಿಡುವ ಪ್ರೆಸ್ಸಿನೊಳಗೂ ವಾರಗಟ್ಟಲೆ ಜೀವ ಹಿಡಿದಿರುತ್ತದೆ, ಚಿಗುರು ಬಿಡುವುದೂ ಉಂಟು. ಆ ನಡುವೆ ಎಲೆಗಳು ಗಂಟಿನಲ್ಲಿ ಕಳಚಿ ಬಿದ್ದು, ಕೊನೆಗೆ ದಂಟು ಬೇರೆ ಎಲೆ ಬೇರೆ. ಆದ್ದರಿಂದ ಹೂಗೊಂಚಲನ್ನು ಹೊರಗಿಟ್ಟು ಉಳಿದ ಗಿಡವನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಒರೆಸಿ, ದಪ್ಪ ದಂಟನ್ನು ಹಿಂಬದಿಯಿಂದ ಉದ್ದಕ್ಕೆ ಸೀಳಿ ಒಳಗಿನ ತಿರುಳು ಕೆರೆದು ತೆಗೆಯುತ್ತೇನೆ. ಹೂವಿನ ಮೇಲೆ ಕೆಳಗೆ ತೆಳು ಟಿಶ್ಯೂ ಕಾಗದ, ಅದನ್ನು ಕೊನೆಯವರೆಗೂ ಬದಲಿಸುವುದಿಲ್ಲ. ಹೊರಗಿನ ಪತ್ರಿಕೆ ಕಾಗದ ಮಾತ್ರ ಮೊದಲ ಮೂರು ದಿನ ಬೆಳಿಗ್ಗೆ ಸಂಜೆ ಬದಲು. ಬದಲಿಸುವ ಕಾಗದವೂ ಒಣಗಿರಬೇಕಲ್ಲ, ಆಟಿ ತಿಂಗಳ ಜೋರು ಮಳೆಯಲ್ಲಿ ಅದು ಕಬ್ಬಿಣದ ಕಡಲೆ. ಇಸ್ತ್ರಿ ಪೆಟ್ಟಿಗೆಯಿಂದ ಬಿಸಿ ಮಾಡಿ ಇಡುತ್ತೇನೆ.

ಇಷ್ಟಾದರೂ ಜುಲೈಯಲ್ಲಿ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಮರದ ಪೆಟ್ಟಿಗೆ: ಅಡಿಯಲ್ಲಿ ಹಳೆಯ ಕಾಲದ 60 ವಾಟಿನ ಎರಡು ಬಲ್ಬು, ಒಂದಡಿ ಮೇಲೆ ಪ್ರೆಸ್, ಮೇಲ್ಭಾಗ ಗಾಳಿಯಾಡಲು ತೆರೆದು. ಎಲ್‌ಇಡಿ ಹಾಕಿದರೆ ಬೆಳಕು ಬರುತ್ತದೆ, ಶಾಖವಿಲ್ಲ. ಹಾಳೆಗಳ ನಡುವೆ ರಟ್ಟಿನ ಪೆಟ್ಟಿಗೆ ಕತ್ತರಿಸಿ ಇಟ್ಟರೆ ಅದರ ಕೊಳವೆಗಳಲ್ಲಿ ಬಿಸಿಗಾಳಿ ಹಾಯುತ್ತದೆ. ಕೊಳವೆಗಳು ಪ್ರೆಸ್ಸಿನ ಅಗಲಕ್ಕೆ ಬರುವಂತೆ ಕತ್ತರಿಸಿ, ಉದ್ದಕ್ಕೆ ಬಂದರೆ ಗಾಳಿಯ ದಾರಿ ದೂರ. 45ರಿಂದ 50 ಡಿಗ್ರಿ ಸಾಕು. ಬೇಗ ಆಗಲೆಂದು ಏರಿಸಿದರೆ ಎಲೆ ಕಂದಿ ಪುಡಿಯಾಗುತ್ತದೆ. ಕಲಾಂಥೆ, ಫಾಯಸ್ ಹೂಗಳು ಒಣಗುವಾಗ ಕಪ್ಪುನೀಲಿಗೆ ತಿರುಗಿದರೆ ಗಾಬರಿ ಬೇಡ, ಗಾಯವಾದಾಗ ನೀಲಿಯಾಗುವುದು ಅವುಗಳ ಗುಣ. ಒಣಗಿದ್ದನ್ನು 42×28 ಸೆಂಮೀ ಹಾಳೆಗೆ ಹೊಲಿದು, ಅಂಟಿಸಿ, ಬಲಗಡೆ ಕೆಳಗೆ ಲೇಬಲ್. ಹಿಂದಿನವರು ಹುಳಕ್ಕೆ ಪಾದರಸದ ಕ್ಲೋರೈಡ್ ಹಚ್ಚುತ್ತಿದ್ದರು, ಅದು ಮನುಷ್ಯರಿಗೂ ವಿಷ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿ ಮೈನಸ್ 20 ಡಿಗ್ರಿ ಫ್ರೀಜರಿನಲ್ಲಿ ಒಂದು ವಾರ ಇಟ್ಟರೆ ಆಗುತ್ತದೆ. ಹೊರತೆಗೆದ ಮೇಲೆ ಕಟ್ಟು ಬಿಚ್ಚಲು ಒಂದು ದಿನ ಕಾಯಿರಿ, ಇಲ್ಲವಾದರೆ ತಣ್ಣನೆ ಹಾಳೆ ಮೇಲೆ ನೀರು ಕೂರುತ್ತದೆ.

ಡಿಎನ್‌ಎಗೆ ಎಳೆಯ ಎಲೆಯ ತುಂಡು, ತೂಕದ ಹತ್ತು ಪಟ್ಟು ಸಿಲಿಕಾ ಜೆಲ್‌ನಲ್ಲಿ. ಬಿಸಿನೀರಿಗೆ ಅದ್ದುವ ಮೊದಲೇ ಕತ್ತರಿಸಿಡಿ. ದಪ್ಪ ಎಲೆಯಾದರೆ ತೆಳು ಪಟ್ಟಿ ಮಾಡಿ, ಇಡಿಯಾಗಿ ಹಾಕಿದರೆ ಒಣಗುವ ಮೊದಲು ಕೊಳೆಯುತ್ತದೆ.

ಹೆಸರು ಹುಡುಕುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಮೊದಲು ತೆರೆಯಬೇಕಾದದ್ದು ಕೆ. ಗೋಪಾಲಕೃಷ್ಣ ಭಟ್ಟರು 2003ರಲ್ಲಿ ಹೊರತಂದ ಉಡುಪಿಯ ಸಸ್ಯಸಂಪತ್ತಿನ ಗ್ರಂಥ, ‘ಫ್ಲೋರಾ ಆಫ್ ಉಡುಪಿ’. ಅದರಲ್ಲಿಲ್ಲ ಎಂದೊಡನೆ ಹಿಗ್ಗಬೇಡಿ, ಹೆಸರು ಬದಲಾಗಿರಬಹುದು. ಹಳೆಯ ಪುಸ್ತಕಗಳ ನೆರ್ವಿಲಿಯಾ ಅರಗೋವಾನ ಈಗ ನೆರ್ವಿಲಿಯಾ ಕಾನ್‌ಕಲರ್. ಎಲ್ಲ ಪರ್ಯಾಯನಾಮಗಳನ್ನೂ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಆನ್‌ಲೈನ್ ಪಟ್ಟಿಯಲ್ಲಿ ನೋಡಿ, ಆಮೇಲೆ ಪುಣೆ, ಕೊಯಮತ್ತೂರಿನ ಭಾರತೀಯ ಸಸ್ಯ ಸರ್ವೇಕ್ಷಣಾಲಯದ ಹಾಳೆಗಳಿಗೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂಗೆ ಹೋಲಿಸಿ. ಅದೇ ಸರ್ವೇಕ್ಷಣಾಲಯ 2019ರಲ್ಲಿ ಭಾರತದ ಆರ್ಕಿಡ್‌ಗಳನ್ನು 1,256 ಎಂದು ಎಣಿಸಿತು. ನಿಮ್ಮದು ಇವುಗಳಲ್ಲಿ ಒಂದೂ ಅಲ್ಲ, ನೆರೆದೇಶಗಳದ್ದೂ ಅಲ್ಲ ಎಂದು ತೋರಿಸುವ ಹೊಣೆ ನಿಮ್ಮದೇ. ಫೋಟೋ ಒಂದರಿಂದ ಅದು ಆಗದು. 2007ರಿಂದ ಈಚೆಗೆ ಹೊಸ ಪ್ರಭೇದದ ಹೆಸರಿಗೆ ಆಧಾರವಾಗುವ ಮೂಲಮಾದರಿಯಾಗಿ ಗಿಡದ ಮಾದರಿಯೇ ಬೇಕು, ಚಿತ್ರ ನಡೆಯದು. ಅದು ಯಾವ ಹರ್ಬೇರಿಯಂನಲ್ಲಿದೆ ಎಂದೂ ಬರೆಯಬೇಕು. 2012ರಿಂದ ವಿವರಣೆ ಲ್ಯಾಟಿನ್‌ನಲ್ಲೇ ಇರಬೇಕೆಂದಿಲ್ಲ, ಇಂಗ್ಲಿಷಿನಲ್ಲಿದ್ದರೂ ಸಾಕು.

ತಜ್ಞರಿಗೆ ದ್ರವದ ಹೂ ಕಳಿಸುವಾಗ ಸ್ಪಿರಿಟ್ ತುಂಬಿದ ಬಾಟಲಿಯನ್ನು ಕೊರಿಯರಿನವರು ಮುಟ್ಟುವುದಿಲ್ಲ. ದ್ರವ ಸುರಿದು, ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿದ ಹತ್ತಿಯಲ್ಲಿ ಹೂ ಸುತ್ತಿ, ಎರಡು ಜಿಪ್ ಕವರಿನೊಳಗೆ ಹಾಕಿ ಕಳಿಸಿ. ವಿದೇಶಕ್ಕಾದರೆ ಒಣಗಿದ ಹಾಳೆಗೂ ಸೈಟಿಸ್ (ಕಾಡಿನ ಗಿಡ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ನಿಯಮ ಅನ್ವಯಿಸುತ್ತದೆ, ಏಕೆಂದರೆ ಆರ್ಕಿಡ್ ಕುಟುಂಬ ಇಡಿಯಾಗಿ ಆ ಒಪ್ಪಂದದ ಪಟ್ಟಿಯಲ್ಲಿದೆ. ವೈಯಕ್ತಿಕವಾಗಿ ಕಳಿಸಲು ಹೋಗದೆ ಸಂಸ್ಥೆಯ ಮೂಲಕವೇ ಹೋಗಿ.

ಜೀವಿಗಳ ಫೋಟೋ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕುವಾಗ, ಗಿಡ ಕೀಳುವವರಿಗೆ ಜಾಗ ತಿಳಿಯದಂತೆ, ಸ್ಥಳವನ್ನು ‘ಅಬ್‌ಸ್ಕ್ಯೂರ್ಡ್’ ಮಾಡಿ, ಆಗ ಅದು 0.2 ಡಿಗ್ರಿಯ ಚೌಕದೊಳಗೆ ಎಲ್ಲೋ ಒಂದು ಚುಕ್ಕೆಯಾಗಿ ಮಾತ್ರ ಕಾಣುತ್ತದೆ. ವಾಟ್ಸಾಪಿನಲ್ಲಿ ಡಾಕ್ಯುಮೆಂಟಾಗಿ ಕಳಿಸಿದ ಫೋಟೋದೊಳಗೆ ಅಕ್ಷಾಂಶ ರೇಖಾಂಶ ಹಾಗೇ ಉಳಿದಿರುತ್ತದೆ, ಅಳಿಸಿ ಕಳಿಸಿ. ಹಾಳೆಯ ಲೇಬಲ್‌ನಲ್ಲಿ ಮಾತ್ರ ಪೂರ್ತಿ ಬರೆಯಿರಿ: ಗ್ರಾಮ, ಗುಡ್ಡೆಯ ಹೆಸರು, ಯಾವ ಮರ, ನೆಲದಿಂದ ಎಷ್ಟು ಎತ್ತರ, ಯಾವ ತಾರೀಕು.