ಡ್ರಿಪ್ ಬಾಟಲಿ ಸಾಲದಾಗ ಕಾಲರಾ ಎದುರಿಸುವುದು ಹೇಗೆ?

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ನಿರಾಶ್ರಿತರಿಂದ ಪಶ್ಚಿಮ ಬಂಗಾಳದ ಬನ್‌ಗಾಂವ್ ತುಂಬಿಹೋಗಿತ್ತು. ಆಸ್ಪತ್ರೆಯ ನೆಲದ ಮೇಲೆಲ್ಲ ಕಾಲರಾ ರೋಗಿಗಳು. ಡ್ರಿಪ್ ಬಾಟಲಿ ಖಾಲಿಯಾಗುತ್ತಾ ಬಂದಿತ್ತು. ಡಾ. ದಿಲೀಪ್ ಮಹಾಲನಬೀಸ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಲೆಕ್ಕದಲ್ಲಿ ಬೆರೆಸಿ, ನಲ್ಲಿಯಿದ್ದ ಡ್ರಮ್ಮುಗಳಿಗೆ ತುಂಬಿಸಿದರು. ಕುಡಿಸಿದ್ದು ರೋಗಿಗಳ ಮನೆಯವರೇ. ನೂರಕ್ಕೆ 30ರ ಆಸುಪಾಸಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಕೈ ಕಟ್ಟಿದ ಶಿಬಿರಗಳಲ್ಲಿ ಇಂದಿಗೂ ಹಿಡಿಯುವ ದಾರಿ ಇದೇ.

ಮೊದಲ ಕೆಲಸ, ಬಾಗಿಲಲ್ಲೇ ವಿಂಗಡಿಸುವುದು. ಊರಿಗೆ ಕಾಲರಾ ಬಂದದ್ದು ಖಚಿತವಾದ ಮೇಲೆ, ಅಕ್ಕಚ್ಚಿನಂಥ ಭೇದಿ ಆಗುತ್ತಿರುವ ಒಬ್ಬೊಬ್ಬರಿಗೂ ಲ್ಯಾಬ್ ವರದಿ ಕಾಯುತ್ತಾ ಕೂರಬೇಡಿ. ಹೊಟ್ಟೆಯ ಚರ್ಮ ಚಿವುಟಿ ಬಿಡಿ. ನಿಧಾನವಾಗಿ ಮರಳುತ್ತಿದೆಯೇ? ಕಣ್ಣು ಗುಳಿಬಿದ್ದಿದೆಯೇ? ಇಷ್ಟಾದರೂ ಕುಡಿಯಬಲ್ಲರು ಎಂದಾದರೆ ಅಂಥದೇ ಸಕ್ಕರೆ-ಉಪ್ಪಿನ ನೀರು, ಅಂದರೆ ಓಆರ್‌ಎಸ್ ಸಾಕು. 50 ಕಿಲೋ ತೂಕದವರಿಗೆ 4 ಗಂಟೆಯಲ್ಲಿ ಹತ್ತಿರ ಹತ್ತಿರ 4 ಲೀಟರ್. ವಾಂತಿಯಾದರೆ ಗಾಬರಿ ಬೇಡ, 10 ನಿಮಿಷ ಬಿಟ್ಟು ಚಮಚದಲ್ಲಿ ಮತ್ತೆ ಶುರುಮಾಡಿ. ಪೊಟ್ಟಣ ಬರುವುದು ತಡವಾದರೆ, ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರ ಮಾಡಬೇಡಿ, ಸಮ ಮಾಡಿ. ಉಪ್ಪು ಜಾಸ್ತಿಯಾದರೆ ಮಕ್ಕಳಿಗೆ ಅಪಾಯ.

ಡ್ರಿಪ್ ಮಾತ್ರ ಜಿಪುಣತನದಿಂದ ಎತ್ತಿಡಿ. ಪ್ರಜ್ಞೆ ತಪ್ಪಿದವರು, ನಾಡಿ ಸಿಗದವರು, ಕುಡಿಯಲಾಗದವರು, ಅವರಿಗಷ್ಟೇ. ಆದರೆ ಕೊಡುವಾಗ ಜಿಪುಣತನ ಸಲ್ಲದು: 50 ಕಿಲೋ ತೂಕದ ದೊಡ್ಡವರಿಗೆ 3 ಗಂಟೆಯೊಳಗೆ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣ 5 ಲೀಟರ್, ಅಂದರೆ ಅರ್ಧ ಲೀಟರಿನ 10 ಬಾಟಲಿ. ಒಂದೆರಡು ಹಾಕಿ ನಿಲ್ಲಿಸಿದರೆ ಹಾಕಿದ್ದೂ ದಂಡ. ಕುಡಿಯುವಷ್ಟು ಚೇತರಿಸಿಕೊಂಡ ಕೂಡಲೇ ಓಆರ್‌ಎಸ್ ಶುರುವಾಗಲಿ.

ಮಂಚದ ಮೇಲೆ ಪ್ಲಾಸ್ಟಿಕ್ ಹಾಸಿ, ಎರಡಕ್ಕೂ ನಡುವೆ ತೂತು ಕೊರೆದು, ಕೆಳಗೆ ಬಕೆಟ್ ಇಡಿ. ನೋಡಲು ಚೆಂದವಿಲ್ಲ, ನಿಜ. ಆದರೆ ನೆಲ ಒಣಗಿರುತ್ತದೆ, ಎಷ್ಟು ನೀರು ಹೋಯಿತೆಂದು ಬಕೆಟ್ಟೇ ಹೇಳುತ್ತದೆ. ಹೋದಷ್ಟೇ ಅಳತೆಯ ಓಆರ್‌ಎಸ್ ಮತ್ತೆ ಕುಡಿಸಬೇಕು.

ಇನ್ನು ನೀರು. ಪೈಪು ಹಾಕಿಸಲು ದುಡ್ಡಿಲ್ಲವೇ? ಬಾವಿಯ ಪಕ್ಕ ಒಬ್ಬರನ್ನು ನಿಲ್ಲಿಸಿ. ತುಂಬಿದ ಪ್ರತಿ ಕೊಡಕ್ಕೂ ಅವರು ಸಿರಿಂಜಿನಿಂದ ಅಳತೆಯ ಕ್ಲೋರಿನ್ ದ್ರಾವಣ ಬಿಡಲಿ. ಅರ್ಧ ಗಂಟೆ ಬಿಟ್ಟು ಕುಡಿಯಬಹುದು. ಲಸಿಕೆಯನ್ನೇ ನಂಬಿ ಕೂರಬೇಡಿ. ಅದರ ಕೊರತೆ ಎಷ್ಟೆಂದರೆ, 2022ರ ಅಕ್ಟೋಬರಿನಿಂದ ಕಾಲರಾ ಹಬ್ಬಿದ ಕಡೆ ಎರಡರ ಬದಲು ಒಂದೇ ಡೋಸ್ ಕೊಡುತ್ತಿದ್ದಾರೆ.

ಕೊನೆಯದಾಗಿ, ಬಾಗಿಲ ಬಳಿ ಒಂದು ನೋಟ್‌ಬುಕ್. ಹೆಸರು, ವಯಸ್ಸಿನ ಜೊತೆ ಯಾವ ಓಣಿ, ಎಲ್ಲಿಯ ನೀರು ಅಂತಲೂ ಬರೆಯಿರಿ. ಒಂದೇ ಓಣಿಯಿಂದ ಮೂವರು ಬಂದರೆ, ನಾಲ್ಕನೆಯವರು ಬರುವ ಮುಂಚೆ ಕ್ಲೋರಿನ್ ಕ್ಯಾನ್ ಹಿಡಿದು ಅಲ್ಲಿಗೆ ಹೋಗಿ.